ಆಲ್ಪ್ಸ್ ಬೆಟ್ಟದ ಬಿಸಿಲು ಜಗಲಿಯಲ್ಲಿ ಊಟ

ಊರಿನಿಂದ ಬರುವ ಬಂಧುಗಳು ಸ್ವಿಟ್ಜರ್‌ಲೆಂಡಿನ ಬೆಟ್ಟಗಳನ್ನು ನೋಡಿ ಬೆರಗಾಗುತ್ತಾರೆ, ಆದರೆ ಆ ಬೆಟ್ಟದ ಮೇಲಿನ ಹೋಟೆಲಿನ ಬಿಲ್ಲು ನೋಡಿದ ಕೂಡಲೇ ಮೌನವಾಗುತ್ತಾರೆ. ಆಲೂಗಡ್ಡೆಯ ಒಂದು ತಟ್ಟೆಗೆ ಇಷ್ಟೊಂದು ಹಣವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಗಬೇಕಾದರೆ ಆ ತಟ್ಟೆ ಅಲ್ಲಿಗೆ ಹೇಗೆ ಬಂತು, ಹೋಟೆಲಿನ ಹೊರಗಿನ ಜಗಲಿಯಲ್ಲಿ ಹಾಕಿದ ಕುರ್ಚಿಯಲ್ಲಿ ಯಾರು ಎಷ್ಟು ಹೊತ್ತು ಕೂರಬಹುದು ಎಂಬುದನ್ನು ಸ್ವಲ್ಪ ತಿಳಿದಿರಬೇಕು.

ಬರ್ನ್ ಪ್ರಾಂತದ ದಕ್ಷಿಣದ ಮಲೆಸೀಮೆಯಲ್ಲಿರುವ ಕ್ಲೈನೆ ಶೈಡೆಗ್ ಎಂಬ ಕಣಿವೆದಾರಿಯನ್ನೇ ತೆಗೆದುಕೊಳ್ಳೋಣ. ಅದರ ಎತ್ತರ 2061 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಚಿಲ್ಲರೆ ಮೀಟರ್ ಮಾತ್ರ ಹೆಚ್ಚು. ಆದರೆ ಭೂಮಧ್ಯರೇಖೆಯಿಂದ ಬಹು ದೂರವಿರುವುದರಿಂದ ಇಲ್ಲಿ ಮರಗಳು ಮುಗಿದು ಹುಲ್ಲುಗಾವಲು ಆರಂಭವಾಗಿರುತ್ತದೆ, ನೆರಳಿನ ಮಗ್ಗುಲಲ್ಲಿ ಮೇ ತಿಂಗಳಿನಲ್ಲಿಯೂ ಹಿಮ ಉಳಿದಿರುತ್ತದೆ. ಪ್ರವಾಸಿಗಳು ವಾಹನದಲ್ಲಿ ಬರುವಂತಹ ರಸ್ತೆ ಇಲ್ಲಿಗಿಲ್ಲ. 1893ರಲ್ಲಿ ಆರಂಭವಾದ, ಕಡಿದಾದ ಏರಿನಲ್ಲಿ ಜಾರದಂತೆ ನಡುವೆ ಹಲ್ಲಿನ ಹಳಿ ಹಾಕಿದ ರೈಲು ಒಂದು ಕಡೆ ಲೌಟರ್‌ಬ್ರುನ್ನೆನ್, ಇನ್ನೊಂದು ಕಡೆ ಗ್ರಿಂಡೆಲ್‌ವಾಲ್ಡ್ ಊರುಗಳಿಂದ ಜನರನ್ನು ಮೇಲಕ್ಕೆ ತರುತ್ತದೆ. ಹಿಟ್ಟು, ಹಾಲು, ಬಿಯರ್ ಪೀಪಾಯಿಗಳು ಮೇಲೆ ಬರುವುದಕ್ಕೂ ಕಸ ಕೆಳಗೆ ಹೋಗುವುದಕ್ಕೂ ರೈಲೇ ಗತಿ. ರೈಲೂ ಇಲ್ಲದ ಬೆಟ್ಟದ ಮನೆಗಳಿಗೆ ತಂತಿತೊಟ್ಟಿಲು (ಕೇಬಲ್ ಕಾರ್) ಸಾಮಾನು ಒಯ್ಯುತ್ತದೆ, ಅದೂ ಇಲ್ಲದೆಡೆ ಹೆಲಿಕಾಪ್ಟರ್ ಬರಬೇಕು. ಬಿಸಿ ಊಟ 20 ಫ್ರಾಂಕ್‌ಗಿಂತ ಕಡಿಮೆಗೆ ಸಿಗುವುದು ಅಪರೂಪವಾಗಲು ಸಂಬಳದ ಮಟ್ಟದ ಜೊತೆಗೆ ಇದೂ ಒಂದು ಕಾರಣ. ಒಂದು ಸಮಾಧಾನವೆಂದರೆ, ಈ ದೇಶದಲ್ಲಿ 1974ರಿಂದ ಬಡಿಸುವವರ ಶುಲ್ಕ ಬೆಲೆಯಲ್ಲಿಯೇ ಸೇರಿದೆ. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯವಿಲ್ಲ, ಸಂತೋಷವಾದರೆ ಚಿಲ್ಲರೆಯನ್ನು ಬಿಟ್ಟು ಏಳಬಹುದು.

ಕ್ಲೈನೆ ಶೈಡೆಗ್‌ನ ಹೊರಾಂಗಣ ಮೇಜುಗಳಿಂದ ಕಾಣುವುದು 3967 ಮೀಟರ್ ಎತ್ತರದ ಐಗರ್ ಶಿಖರದ ಉತ್ತರ ಗೋಡೆ. 1930ರ ದಶಕದಲ್ಲಿ ಆ ಗೋಡೆಯನ್ನು ಏರಲು ಹೊರಟವರನ್ನು ಇಲ್ಲಿನ ಅತಿಥಿಗಳು ದುರ್ಬೀನಿನಲ್ಲಿ ನೋಡುತ್ತಿದ್ದರು. 1936ರಲ್ಲಿ ನಾಲ್ವರು ಆರೋಹಿಗಳು ಒಂದೇ ಪ್ರಯತ್ನದಲ್ಲಿ ಸತ್ತರು. 1938ರ ಜುಲೈನಲ್ಲಿ ಜರ್ಮನಿ ಮತ್ತು ಆಸ್ಟ್ರಿಯದ ನಾಲ್ವರು ಕೊನೆಗೂ ಮೇಲೆ ತಲುಪಿದರು. ಮೇಜಿನ ಮುಂದೆ ಕೂತು ಕಾಫಿ ಕುಡಿಯುತ್ತ ಇತರರ ಪ್ರಾಣಸಂಕಟವನ್ನು ನೋಡುವ ಈ ಚಾಳಿ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೂ ಹೊರಗೆ ಕೂತು ಉಣ್ಣುವ ಈ ಪದ್ಧತಿ ಬೆಟ್ಟವನ್ನು ನೋಡುವ ಹಂಬಲದಿಂದಲೇ ಬೆಳೆದದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತಿನ್ನುವುದರ ಪಟ್ಟಿ ದೊಡ್ಡದಲ್ಲ. ಬೇಯಿಸಿದ ಆಲೂಗಡ್ಡೆಯನ್ನು ತುರಿದು ಬೆಣ್ಣೆಯಲ್ಲಿ ಹೊಂಬಣ್ಣ ಬರುವಂತೆ ದಪ್ಪ ದೋಸೆಯಾಗಿ ಹುರಿಯುವ ರ‍್ಯೋಸ್ಟಿ, ಮ್ಯಾಕರೋನಿಯನ್ನು ಆಲೂಗಡ್ಡೆ, ಚೀಸ್, ಕೆನೆ, ಹುರಿದ ಈರುಳ್ಳಿಯೊಂದಿಗೆ ಬೆರೆಸಿ ಸೇಬಿನ ಗೊಜ್ಜಿನ ಜೊತೆ ಕೊಡುವ ಬೆಟ್ಟದ ದನಗಾಹಿಗಳ ಅಡುಗೆ, ಸೂಪು, ಸಾಸೇಜು, ಹಣ್ಣಿನ ಕೇಕು: ಹೆಚ್ಚು ಕಡಿಮೆ ಎಲ್ಲ ಕಡೆಯೂ ಇಷ್ಟೇ. ಕುಡಿಯಲು ಹಾಲೊಡಕಿನಿಂದ ಮಾಡಿದ ರಿವೆಲ್ಲಾ ಎಂಬ ಪಾನೀಯವಿದೆ. ಮೊದಲ ಗುಟುಕಿಗೆ ವಿಚಿತ್ರವೆನಿಸಿದರೂ ಏರು ಹತ್ತಿ ಬಂದವರಿಗೆ ಅದು ಹಿತವಾಗಿರುತ್ತದೆ. ಸಸ್ಯಾಹಾರಿಗಳು ಮೂರು ವಿಷಯಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ರ‍್ಯೋಸ್ಟಿಗೂ ಮ್ಯಾಕರೋನಿಗೂ ಹಂದಿಮಾಂಸದ ಚೂರುಗಳನ್ನು ಹಾಕಿರಬಹುದು, ತರಕಾರಿ ಸೂಪಿನ ನೀರು ಮಾಂಸದ್ದಾಗಿರಬಹುದು, ಗ್ರುಯೇರ್ ಮತ್ತು ಎಮೆಂಟಾಲ್‌ನಂತಹ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲನ್ನು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಮೊದಲ ಎರಡನ್ನು ಬಡಿಸುವವರು ತಾಳ್ಮೆಯಿಂದ ತಿಳಿಸುತ್ತಾರೆ, ಮೂರನೆಯದು ಅವರಿಗೇ ಹೊಸ ಪ್ರಶ್ನೆಯಾಗಿ ಕಾಣುವುದುಂಟು. ಇನ್ನು ಚಹದ ಬಗ್ಗೆ ದೂರುವವರಿಗೆ ಒಂದು ಮಾತು: ಈ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಅದರ ಮೇಲೆ ಚಹದ ಚೀಲವನ್ನು ಬಟ್ಟಲಿನ ಪಕ್ಕದಲ್ಲಿಟ್ಟು ಕೊಡುತ್ತಾರೆ, ಅದರಲ್ಲಿ ನಮ್ಮ ಕಡೆಯ ಖಡಕ್ ಚಹವನ್ನು ನಿರೀಕ್ಷಿಸಿ ಫಲವಿಲ್ಲ.

ಕೂರುವುದಕ್ಕೂ ರೀತಿಯಿದೆ. ಅನೇಕ ಕಡೆ ಜಗಲಿಯ ಒಂದು ಭಾಗದಲ್ಲಿ ತಟ್ಟೆ ಹಿಡಿದು ನಾವೇ ತಂದುಕೊಳ್ಳಬೇಕು, ಇನ್ನೊಂದರಲ್ಲಿ ಅವರು ಬಡಿಸುತ್ತಾರೆ. ಬಟ್ಟೆ ಹಾಸಿದ ಮೇಜು ಸಾಮಾನ್ಯವಾಗಿ ಎರಡನೆಯ ಬಗೆಯದು. ಉದ್ದನೆಯ ಬೆಂಚಿನಲ್ಲಿ ಜಾಗವಿದ್ದರೆ ಅಪರಿಚಿತರ ಮೇಜಿಗೂ ಸೇರಿಕೊಳ್ಳಬಹುದು, ಆದರೆ ಕೇಳಿಯೇ ಕೂರಬೇಕು. ಊಟ ಬಂದಾಗ ಪಕ್ಕದವರು ‘ಎನ್ ಗುವೆಟೆ’ ಎಂದು ಹಾರೈಸುತ್ತಾರೆ, ನಾವೂ ಹಾರೈಸಿದರೆ ಮಾತಿಗೆ ದಾರಿಯಾಗುತ್ತದೆ. ಬಿಸಿಲು ಹಿತವಾಗಿದೆಯೆಂದು ಮೈಮರೆತವರ ಮುಖ ಸಂಜೆಗೆ ಕೆಂಪಾಗಿರುತ್ತದೆ, ಅದೇ ಬಿಸಿಲು ಮೋಡಕ್ಕೆ ಮರೆಯಾದರೆ ನಿಮಿಷಗಳಲ್ಲಿ ಸ್ವೆಟರ್ ಬೇಕಾಗುತ್ತದೆ. ಕುರ್ಚಿಗಳ ಮೇಲೆ ಕುರಿಯ ಚರ್ಮ, ಕಂಬಳಿ ಇಟ್ಟಿರುವುದು ಅಲಂಕಾರಕ್ಕಲ್ಲ. ಹಳದಿ ಕೊಕ್ಕಿನ, ಕೆಂಪು ಕಾಲಿನ ಬೆಟ್ಟದ ಕಾಗೆಗಳು ಬೇಲಿಯ ಮೇಲೆ ಸಾಲಾಗಿ ಕಾಯುತ್ತಿರುತ್ತವೆ, ತಟ್ಟೆಯಿಂದ ಕಣ್ಣು ತೆಗೆದರೆ ಬ್ರೆಡ್ಡು ಹೋಯಿತೆಂದೇ ಲೆಕ್ಕ.

ನಮ್ಮವರ ವಿಷಯದಲ್ಲಿ ಹೇಳಲೇಬೇಕಾದದ್ದು ಬುತ್ತಿಯ ಸಂಗತಿ. ಚಪಾತಿ, ಪುಳಿಯೋಗರೆ, ಚಟ್ನಿಪುಡಿ ಕಟ್ಟಿಕೊಂಡು ಬರುವುದರಲ್ಲಿ ತಪ್ಪೇನೂ ಇಲ್ಲ. ಇಲ್ಲಿನ ಜನರೂ ಚೀಲದಲ್ಲಿ ಬ್ರೆಡ್ಡು, ಚೀಸ್, ಸೇಬು ಇಟ್ಟುಕೊಂಡೇ ಬೆಟ್ಟ ಹತ್ತುತ್ತಾರೆ. ತಪ್ಪಾಗುವುದು ಅದನ್ನು ಹೋಟೆಲಿನ ಮೇಜಿನ ಮೇಲೆ ಬಿಚ್ಚಿದಾಗ. ಒಳ್ಳೆಯ ಹವೆಯ ದಿನಗಳು ಎಣಿಕೆಯವು, ಆ ದಿನಗಳಲ್ಲಿಯೂ ಮಧ್ಯಾಹ್ನದ ಎರಡು ಮೂರು ಗಂಟೆಗಳಲ್ಲಿಯೇ ಅವರ ಗಳಿಕೆ; ಒಂದು ಕಾಫಿ ತೆಗೆದುಕೊಂಡು ಆರು ಜನ ಬುತ್ತಿ ಉಂಡರೆ ಅವರು ಅಸಮಾಧಾನಗೊಳ್ಳುವುದು ಸಹಜ. ಮೈಬಣ್ಣ ನೋಡಿ ಹೀಗೆ ಮಾಡುತ್ತಾರೆಂದು ಕೆಲವರು ನೊಂದುಕೊಳ್ಳುತ್ತಾರೆ, ಆದರೆ ಇದೇ ಮಾತನ್ನು ಸ್ಥಳೀಯ ಚಾರಣಿಗರಿಗೂ ಹೇಳುವುದನ್ನು ನಾನು ಕೇಳಿದ್ದೇನೆ. ಬುತ್ತಿಗೆ ಬೇರೆಯೇ ಜಾಗವಿದೆ. ನಡೆದಾಡುವ ದಾರಿಗಳ ಬದಿಯಲ್ಲಿ ಸಾರ್ವಜನಿಕ ಬೆಂಚುಗಳಿವೆ, ಕಲ್ಲು ಜೋಡಿಸಿ ಮಾಡಿದ ಒಲೆಗಳಿವೆ, ಕೆಲವೆಡೆ ಒಡೆದ ಸೌದೆಯನ್ನೂ ಇಟ್ಟಿರುತ್ತಾರೆ. ಒಣಹವೆಯ ಕಾರಣ ಬೆಂಕಿ ಹಚ್ಚುವುದಕ್ಕೆ ನಿಷೇಧವಿಲ್ಲದಿದ್ದರೆ ಚಪಾತಿಯನ್ನು ಬಿಸಿ ಮಾಡಿಕೊಂಡೇ ತಿನ್ನಬಹುದು, ನೋಟವೂ ಹೋಟೆಲಿನದಕ್ಕಿಂತ ಕಡಿಮೆಯದಲ್ಲ. ನನ್ನ ಸಲಹೆ ಕೇಳುವವರಿಗೆ ಬುತ್ತಿಯನ್ನು ಅಲ್ಲಿ ಮುಗಿಸಿ, ಆಮೇಲೆ ಜಗಲಿಗೆ ಬಂದು ಕೇಕು ಕಾಫಿ ತೆಗೆದುಕೊಳ್ಳಿ ಎನ್ನುತ್ತೇನೆ. ಖರ್ಚು ಅರ್ಧಕ್ಕಿಳಿಯುತ್ತದೆ, ಕುರ್ಚಿಯ ಮೇಲಿನ ಹಕ್ಕೂ ಸಿಗುತ್ತದೆ.

ಹೊತ್ತಿನ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಅನೇಕ ಅಡುಗೆಮನೆಗಳು ಎರಡು ಗಂಟೆಯ ಸುಮಾರಿಗೆ ಬಿಸಿ ಊಟ ನಿಲ್ಲಿಸುತ್ತವೆ, ಆಮೇಲೆ ಸಿಗುವುದು ತಣ್ಣನೆಯ ತಟ್ಟೆಯೇ. ಜನರನ್ನು ಇಳಿಸುವ ಕೊನೆಯ ತಂತಿತೊಟ್ಟಿಲು ಸಂಜೆ ಬೇಗನೆ ಇಳಿದುಬಿಡುವುದರಿಂದ ರಾತ್ರಿಯೂಟದ ಯೋಚನೆಯನ್ನು ಕೆಳಗಿನ ಊರಿಗೇ ಇಟ್ಟುಕೊಳ್ಳಬೇಕು. ನಮ್ಮ ಶಾಲೆಗಳ ರಜೆ ಬೀಳುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಚಳಿಗಾಲದ ಹಂಗಾಮು ಮುಗಿದು ಬೇಸಿಗೆಯದು ಆರಂಭವಾಗಿರುವುದಿಲ್ಲ, ತೊಟ್ಟಿಲುಗಳ ದುರಸ್ತಿಗೆಂದು ಬೆಟ್ಟದ ಹಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಟಿಕೆಟ್ ಕಾದಿರಿಸುವ ಮೊದಲು ಆಯಾ ತೊಟ್ಟಿಲಿನ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ಸಾಧ್ಯವಿದ್ದರೆ ಜೂನ್ ಮಧ್ಯದ ನಂತರ ಬನ್ನಿ.