ಅಂಗಡಿ ಕುಂಡದಲ್ಲಿದ್ದದ್ದು ಗಿಡ ಅಲ್ಲ, ಅಗಿ ಮಡಿ

ಇಂಗ್ಲೆಂಡಿನ ಲೀಡ್ಸ್ ಊರಿಗೆ ಬಂದ ಮೊದಲ ವರ್ಷ ನನ್ನ ಅಡುಗೆಮನೆ ಕಿಟಕಿಯಲ್ಲಿ ಐದು ಕುಂಡ ಬೇಸಿಲ್ ಗಿಡ ಒಂದರ ಹಿಂದೊಂದು ಸತ್ತವು. ಯಾವುದೂ ಎರಡು ವಾರ ದಾಟಲಿಲ್ಲ. ನಾನು ಹಾವೇರಿ ಜಿಲ್ಲೆಯವಳು, ಬ್ಯಾಡಗಿ ತಾಲ್ಲೂಕಿನ ಒಕ್ಕಲುತನದ ಮನೆಯವಳು. ಹಿತ್ತಲಲ್ಲಿ ಒಂದು ಬದನೆ ಗಿಡ ಬಾಡಿದರೂ ಸಂಜೆ ಮನೆಮಂದಿಯೆಲ್ಲ ಅದರ ಮಾತೇ ಆಡುತ್ತಿದ್ದೆವು. ಹಾಗಾಗಿ ಆ ಐದು ಕುಂಡ ನನ್ನ ಮನಸ್ಸಿನಲ್ಲಿ ಕೂತುಬಿಟ್ಟವು.

ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ತರಕಾರಿ ಸಾಲಿನ ಪಕ್ಕದಲ್ಲೇ ಜೀವಂತ ಗಿಡಗಳನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಅಂಗೈ ಅಗಲದ ಪ್ಲಾಸ್ಟಿಕ್ ಕುಂಡ, ಸುತ್ತ ತೆಳು ಹಾಳೆ. ಬೇಸಿಲ್, ಕೊತ್ತಂಬರಿ, ಪುದೀನ, ಪಾರ್ಸ್ಲಿ, ಚೈವ್ಸ್, ರೋಸ್‌ಮೆರಿ, ಥೈಮ್, ಹೀಗೆ ಅಡುಗೆಗೆ ಹಾಕುವ ಘಮದ ಸೊಪ್ಪುಗಳೆಲ್ಲ ಸಿಗುತ್ತವೆ. ನಮ್ಮ ಸಂತೆಯಲ್ಲಿ ಕೊತ್ತಂಬರಿ ಸಿವುಡು ಕೊಂಡಷ್ಟೇ ಸಲೀಸಾಗಿ ಇಲ್ಲಿಯವರು ಕುಂಡ ಕೊಳ್ಳುತ್ತಾರೆ.

ಬೇಸಿಲ್ ನಮಗೇನೂ ಹೊಸದಲ್ಲ. ಅದು ನಮ್ಮ ಕಾಮಕಸ್ತೂರಿ. ಮಾಲೆ ಕಟ್ಟುವಾಗ ಹೂವಿನ ನಡುವೆ ಸೇರಿಸುತ್ತೇವಲ್ಲ, ಬೇಸಿಗೆಯಲ್ಲಿ ಬೀಜ ನೆನೆಸಿ ಶರಬತ್ತಿಗೆ, ಫಲೂದಾಕ್ಕೆ ಹಾಕುತ್ತೇವಲ್ಲ, ಅದೇ. ತುಳಸಿಗೆ ಹತ್ತಿರದ ಸಂಬಂಧಿ. ಇಲ್ಲಿ ಮಾರುವುದು ದೊಡ್ಡ ಎಲೆಯ ಇಟಲಿ ಕಡೆಯ ತಳಿ, ವಾಸನೆ ಸ್ವಲ್ಪ ಬೇರೆ. ಆದರೂ ಎಲೆ ತಿಕ್ಕಿ ಮೂಗಿಗೆ ಹಿಡಿದರೆ ಮನೆ ಮುಂದಿನ ತುಳಸಿಕಟ್ಟೆ ಕಣ್ಣಿಗೆ ಬರುತ್ತದೆ. ನಾನು ಮತ್ತೆ ಮತ್ತೆ ಅದನ್ನೇ ತಂದದ್ದು ಅದಕ್ಕೇ.

ಆರನೇ ಕುಂಡ ತಂದ ದಿನ ಅವ್ವನಿಗೆ ವಿಡಿಯೋ ಕಾಲ್ ಮಾಡಿದ್ದೆ. ಹಿಂದೆ ಕಿಟಕಿಯಲ್ಲಿ ಕುಂಡ ಕಾಣಿಸಿತು. ಅವ್ವ ಮಾತು ನಿಲ್ಲಿಸಿ, "ಅದರ ಬುಡ ತೋರ್ಸು" ಅಂದಳು. ಎಲೆ ಸರಿಸಿ ಫೋನು ಹತ್ತಿರ ಹಿಡಿದೆ.

"ಯವ್ವಾ, ಇದು ಗಿಡ ಅಲ್ಲ, ಅಗಿ ಮಡಿ. ಒಂದ ಕುಂಡದಾಗ ಇಷ್ಟೊಂದ ಅಗಿ ಹೆಂಗ ಬದಕ್ತಾವು? ಕಿತ್ತು ಹಚ್ಚು."

ಫೋನು ಇಟ್ಟ ಮೇಲೆ ಕೂತು ಎಣಿಸಿದೆ. 31 ದಂಟು ಇದ್ದವು. 31 ಗಿಡ, ಒಂದು ಹಿಡಿ ಮಣ್ಣು.

ಅಗಿ ಅಂದರೆ ನಮ್ಮ ಕಡೆ ಸಸಿ, ಮಡಿ ಅಂದರೆ ಸಸಿ ಬೆಳೆಸುವ ಪಾತಿ, ಹಚ್ಚುವುದು ಅಂದರೆ ನೆಡುವುದು. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಬ್ಯಾಡಗಿ ಮೆಣಸಿನಕಾಯಿಯ ಸೀಮೆ ನಮ್ಮದು. ಮುಂಗಾರಿಗೆ ಮಡಿ ಮಾಡಿ ಬೀಜವನ್ನು ಒತ್ತೊತ್ತಾಗಿ ಚೆಲ್ಲುತ್ತಾರೆ. ಸುಮಾರು ಆರು ವಾರಕ್ಕೆ ಅಗಿ ಗೇಣುದ್ದ ಆಗುತ್ತದೆ. ಆಮೇಲೆ ಮೋಡ ಮುಚ್ಚಿದ ದಿನ ನೋಡಿ ಕಿತ್ತು ಹೊಲದಲ್ಲಿ ಹಚ್ಚುತ್ತಾರೆ. ಮಳೆ ತಡವಾಗಿ ಅಗಿ ಮಡಿಯಲ್ಲೇ ಉಳಿದರೆ ಏನಾಗುತ್ತದೆ ಅಂತ ನಮ್ಮ ಊರಿನ ಮಕ್ಕಳಿಗೂ ಗೊತ್ತು. ಬೆಳಕಿಗಾಗಿ ಒಂದನ್ನೊಂದು ಮೀರಿ ಸಣಕಲಾಗಿ ಬೆಳೆಯುತ್ತವೆ, ಕೆಳಗಿನ ಎಲೆ ಹಳದಿಯಾಗುತ್ತದೆ, ಬುಡ ಕೊಳೆಯುತ್ತದೆ. ನನ್ನ ಕುಂಡಗಳಲ್ಲಿ ಆದದ್ದೂ ಅಷ್ಟೇ. ಚಿಕ್ಕವಳಿದ್ದಾಗ ಅಗಿ ಸಿವುಡು ಹೊತ್ತು ಅವ್ವನ ಹಿಂದೆ ಸಾಲು ಹಿಡಿದವಳು ನಾನು. ಆದರೂ ಚೆಂದದ ಹಾಳೆ ಸುತ್ತಿದ ಕುಂಡ ನನಗೆ ಒಂದೇ ಗಿಡದ ಹಾಗೆ ಕಂಡಿತ್ತು.

ಈ ಕುಂಡಗಳು ಬೆಳೆಯುವುದು ಬಿಸಿ ಇಟ್ಟ ಗಾಜಿನ ಮನೆಗಳಲ್ಲಿ. ಅಲ್ಲಿ ದೀಪದ ಬೆಳಕು ಇರುತ್ತದೆ, ಅಳತೆಯ ನೀರು ಇರುತ್ತದೆ, ಆ ನೀರಿನಲ್ಲೇ ಗೊಬ್ಬರ ಇರುತ್ತದೆ. ಕೆಲವೇ ವಾರದಲ್ಲಿ ಕುಂಡ ತುಂಬಿ ಕಾಣಲಿ ಅಂತ ಬೀಜ ಒತ್ತಾಗಿ ಹಾಕುತ್ತಾರೆ. ಒಂದೆರಡು ವಾರದಲ್ಲಿ ಕತ್ತರಿಸಿ ಅಡುಗೆಗೆ ಬಳಸಿ ಮುಗಿಸಲಿ ಅನ್ನುವುದೇ ಲೆಕ್ಕ. ಆಮೇಲೆ ಲಾರಿ, ಅಂಗಡಿಯ ಮಬ್ಬು ಬೆಳಕು, ಬಾಗಿಲ ಬಳಿಯ ಚಳಿಗಾಳಿ. ನಮ್ಮ ಮನೆಗೆ ಬರುವಷ್ಟರಲ್ಲಿ ಅದು ಸುಸ್ತಾಗಿರುತ್ತದೆ. ಹೀಗಾಗಿ ಕೊಳ್ಳುವಾಗಲೇ ಹಾಳೆ ಸರಿಸಿ ಬುಡ ನೋಡಿ. ಕಪ್ಪಾದ ದಂಟು ಕಂಡರೆ ಆ ಕುಂಡ ಬೇಡ.

ಅವ್ವ ಹೇಳಿದಂತೆ ಆ ಸಂಜೆಯೇ ಹಚ್ಚಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಉಳಿಯುವುದು ಬಿಡುವುದು ಇಲ್ಲೇ ಇದೆ. ಮೊದಲು ಕುಂಡವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿ ಇಟ್ಟೆ. ಒಣ ಬೇರು ಹರಿಯುತ್ತದೆ, ನೆಂದ ಬೇರು ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೋರಲು ಹಾಕಿ ಮೆಲ್ಲಗೆ ತಟ್ಟಿ ಹೊರತೆಗೆದೆ. ಬೇರು ಬಿಳಿ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಎರಡೂ ಹೆಬ್ಬೆರಳು ಊರಿ ರೊಟ್ಟಿ ಮುರಿದಂತೆ ಎರಡು ಮಾಡಿ, ಮತ್ತೆ ನಾಲ್ಕು ಮಾಡಿದೆ. ಒಂದೊಂದೇ ದಂಟು ಬಿಡಿಸಲು ಹೋಗಬೇಡಿ. ದಂಟು ಬಲು ಮೆತ್ತಗೆ, ಹಿಚುಕಿದರೆ ಅಲ್ಲಿಂದಲೇ ಕೊಳೆಯುತ್ತದೆ. ಒಂದು ಗುಂಪಿಗೆ ಆರೇಳು ದಂಟು ಇದ್ದರೆ ಸಾಕು. ತೀರಾ ಸಣಕಲು ಇದ್ದವನ್ನು ಕಿತ್ತು ಚಟ್ನಿಗೆ ಹಾಕಿದೆ.

ಪ್ರತಿ ಗುಂಪಿಗೂ ತಳದಲ್ಲಿ ತೂತಿರುವ, 10-12 ಸೆಂಟಿಮೀಟರ್ ಅಗಲದ ಒಂದು ಕುಂಡ. ಚೀಲದಲ್ಲಿ ಸಿಗುವ ಹೊಸ ಮಣ್ಣು. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ತುದಿಯ ಮೂರನೇ ಒಂದು ಭಾಗ ಚಿವುಟಿ ತೆಗೆದೆ, ಹರಿದ ಬೇರಿಗೆ ಅಷ್ಟು ಎಲೆಯನ್ನು ಸಾಕುವ ಶಕ್ತಿ ಇರುವುದಿಲ್ಲ. ಆಮೇಲೆ ಮೂರು ದಿನ ನೇರ ಬಿಸಿಲಿಗೆ ಇಡಲಿಲ್ಲ. ಹೊಲದಲ್ಲಿ ಮೋಡದ ದಿನ ಕಾಯುವುದೂ ಇದಕ್ಕೇ ಅಲ್ವಾ. ಮರುದಿನ ನಾಲ್ಕೂ ತಲೆ ಬಾಗಿಸಿದ್ದವು. ಮೂರನೇ ದಿನ ಎದ್ದವು. ನಾಲ್ಕರಲ್ಲಿ ಮೂರು ಉಳಿದವು, ಸೆಪ್ಟೆಂಬರ್ ಕೊನೆಯವರೆಗೂ ಎಲೆ ಕೊಟ್ಟವು.

ನೀರಿನ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ದಿನಾ ಸಂಜೆ ಮೇಲಿಂದ ಒಂದು ಲೋಟ ಸುರಿಯುವುದು ಗಿಡಕ್ಕೆ ಒಳ್ಳೆಯದಲ್ಲ. ಇಲ್ಲಿನ ಚೀಲದ ಮಣ್ಣು ನಮ್ಮ ಎರೆಮಣ್ಣಿನ ಹಾಗಲ್ಲ, ಹಗುರ. ಒಮ್ಮೆ ಪೂರ್ತಿ ಒಣಗಿದರೆ ನೀರು ಹೀರುವುದೇ ಇಲ್ಲ, ಪಕ್ಕದಿಂದ ಜಾರಿ ತಳಕ್ಕೆ ಹೋಗುತ್ತದೆ. ಮೇಲೆ ಒದ್ದೆ, ಒಳಗೆ ಒಣ. ಅದಕ್ಕೆ ತಟ್ಟೆಯಲ್ಲಿ ನೀರು ಹಾಕಿ ಇಪ್ಪತ್ತು ನಿಮಿಷ ಕುಡಿಸಿ, ಉಳಿದದ್ದು ಚೆಲ್ಲುತ್ತೇನೆ. ಯಾವಾಗ ಬೇಕು ಅಂತ ಗೊತ್ತಾಗುವುದು ಕುಂಡ ಎತ್ತಿ ನೋಡಿದರೆ. ಹಗುರಾದರೆ ಬೇಕು, ಭಾರ ಇದ್ದರೆ ಬೇಡ. ಬೆಳಗ್ಗೆ ಕುಡಿಸಿದರೆ ಒಳ್ಳೆಯದು. ರಾತ್ರಿಯೆಲ್ಲ ತಣ್ಣಗಿನ ನೀರಲ್ಲಿ ನಿಂತ ಬೇಸಿಲ್ ಬುಡ ಕಪ್ಪಾಗುತ್ತದೆ. ಮಣ್ಣು ಸದಾ ಒದ್ದೆ ಇದ್ದರೆ ಸಣ್ಣ ಕಪ್ಪು ನೊಣ ಏಳುತ್ತವೆ. ಮೇಲ್ಮಣ್ಣು ಒಣಗಲು ಬಿಟ್ಟು, ಹಳದಿ ಅಂಟು ಕಾಗದ ಸಿಕ್ಕಿಸಿದರೆ ಕಡಿಮೆಯಾಗುತ್ತವೆ.

ಇನ್ನು ಬೆಳಕು. ಊರಲ್ಲಿ ಇದರ ಯೋಚನೆಯನ್ನೇ ಮಾಡಿದವಳಲ್ಲ ನಾನು. ಹಾವೇರಿಯಲ್ಲಿ ಡಿಸೆಂಬರಿನಲ್ಲೂ ಹಗಲು 11 ಗಂಟೆಗೂ ಮೇಲೆ ಇರುತ್ತದೆ. ಲೀಡ್ಸಿನಲ್ಲಿ ಅದೇ ಡಿಸೆಂಬರಿನಲ್ಲಿ ಸುಮಾರು ಏಳೂವರೆ ಗಂಟೆ, ಅದೂ ಮೋಡ ಕವಿದ ಬೂದಿ ಬೆಳಕು. ಜೂನಿನಲ್ಲಿ ಹಗಲು 17 ಗಂಟೆಯ ಹತ್ತಿರ. ಬೇಸಿಲ್ ಬೆಚ್ಚಗಿನ ನಾಡಿನ ಗಿಡ. 10 ಡಿಗ್ರಿಗಿಂತ ಕೆಳಗೆ ಇಳಿದರೆ ಎಲೆ ಕಪ್ಪಾಗುತ್ತದೆ. ರಾತ್ರಿ ಪರದೆ ಎಳೆದಾಗ ಗಾಜಿಗೂ ಪರದೆಗೂ ನಡುವೆ ಉಳಿದ ಕುಂಡಕ್ಕೆ ಆ ಚಳಿ ಪೂರ್ತಿ ತಾಗುತ್ತದೆ. ನನ್ನ ಮೊದಲ ಐದರಲ್ಲಿ ಎರಡಾದರೂ ಹಾಗೆ ಹೋದವು ಅಂತ ಈಗ ತಿಳಿಯುತ್ತದೆ. ಈಗ ನಾನು ಅಕ್ಟೋಬರಿನಿಂದ ಮಾರ್ಚಿನವರೆಗೆ ಬೇಸಿಲ್ ಹಚ್ಚುವುದೇ ಇಲ್ಲ. ಹೊಲಕ್ಕೆ ಹಂಗಾಮು ಇರುವಂತೆ ಕಿಟಕಿಗೂ ಇರಲಿ.

ಕೀಳುವ ಬಗೆಯೂ ಇದೆ. ದೊಡ್ಡದಿದೆ ಅಂತ ಕೆಳಗಿನ ಎಲೆ ಕೀಳಬೇಡಿ, ಗಿಡಕ್ಕೆ ಅನ್ನ ಬೇಯಿಸುವುದು ಅವೇ. ತುದಿಯನ್ನು, ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಚಿವುಟಿ. ಆ ಜೋಡಿಯ ಸಂದಿಯಿಂದ ಎರಡು ಕುಡಿ ಒಡೆಯುತ್ತವೆ. ಹೂಮೊಗ್ಗು ಕಂಡರೆ ಚಿವುಟಿ, ಇಲ್ಲದಿದ್ದರೆ ಎಲೆ ಕಡಿಮೆಯಾಗಿ ಕಹಿಯಾಗುತ್ತದೆ. ಚಿವುಟಿದ ತುದಿ ಬೆರಳುದ್ದ ಇದ್ದರೆ ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿ ನಿಲ್ಲಿಸಿ. ಒಂದೆರಡು ವಾರಕ್ಕೆ ಬೇರು ಬಿಡುತ್ತದೆ, ಇನ್ನೊಂದು ಗಿಡವಾಯಿತು. ಮತ್ತೆ ಕುಂಡ ಕೊಳ್ಳುವ ಮಾತೇ ಇಲ್ಲ.

ಕೊತ್ತಂಬರಿಗೆ ಮಾತ್ರ ಈ ಬುದ್ಧಿ ನಡೆಯುವುದಿಲ್ಲ. ಅದರದು ನೇರ ಇಳಿಯುವ ತಾಯಿಬೇರು. ಕಿತ್ತು ಹಚ್ಚಿದರೆ ಮುನಿಸಿಕೊಂಡು ಬೇಗ ಹೂ ಬಿಡುತ್ತದೆ. ಆದ್ದರಿಂದ ಅಂಗಡಿಯ ಕೊತ್ತಂಬರಿ ಕುಂಡವನ್ನು ಸಿವುಡು ಅಂತಲೇ ತಿಳಿದು ವಾರದಲ್ಲಿ ಬಳಸಿ ಮುಗಿಸುತ್ತೇನೆ. ನನಗೆ ಬೇಕಾದ್ದನ್ನು ಬಿತ್ತಿಕೊಳ್ಳುತ್ತೇನೆ. ಇಂಡಿಯನ್ ಅಂಗಡಿಯ ಕೊತ್ತಂಬರಿ ಬೀಜ, ಅವ್ವ ಮಾಡುವಂತೆ ನೆಲದ ಮೇಲೆ ಹರಡಿ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿದ್ದು. ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ ಇರುತ್ತದೆ. ಆಳವಾದ ಡಬ್ಬಿಯಲ್ಲಿ ಬಿತ್ತಿ, ಮೂರು ವಾರ ಬಿಟ್ಟು ಇನ್ನೊಂದು ಡಬ್ಬಿ. ಹೀಗೆ ಮಾಡಿದರೆ ಬೇಸಿಗೆಯುದ್ದಕ್ಕೂ ತಪ್ಪುವುದಿಲ್ಲ.

ಪುದೀನ ಎಲ್ಲಕ್ಕಿಂತ ಸುಲಭ, ಅಗಲವಾದ ಕುಂಡವೊಂದು ಕೊಟ್ಟು ಹೊರಗಿಟ್ಟರೆ ಸಾಕು. ಚಳಿಗೆ ಪೂರ್ತಿ ಒಣಗಿದಂತೆ ಕಂಡರೂ ಎಸೆಯಬೇಡಿ, ವಸಂತಕ್ಕೆ ಬೇರಿನಿಂದ ಮತ್ತೆ ಚಿಗುರುತ್ತದೆ. ರೋಸ್‌ಮೆರಿ, ಥೈಮ್ ಕಲ್ಲುನೆಲದ ಗಿಡಗಳು. ಮಣ್ಣಿಗೆ ದಪ್ಪ ಉಸುಕು ಬೆರೆಸಿ, ನೀರು ಕೊಡುವಾಗ ಕೈ ಬಿಗಿ ಹಿಡಿಯಿರಿ. ಚೈವ್ಸ್ ನಮ್ಮ ಉಳ್ಳಾಗಡ್ಡಿ ತಪ್ಪಲಿನ (ಈರುಳ್ಳಿ ಸೊಪ್ಪಿನ) ತಂಗಿಯಿದ್ದಂತೆ. ಎರಡು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಬರುತ್ತದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಹಸಿ ಚೈವ್ಸ್ ಇಟ್ಟುಕೊಂಡು ಉಂಡರೆ ಹೊಟ್ಟೆ ತಣ್ಣಗಾಗುತ್ತದೆ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ನಮ್ಮ ಹಕ್ಕರಕಿ ಸೊಪ್ಪು ಮಾತ್ರ ಇಲ್ಲಿ ಸಿಕ್ಕಿಲ್ಲ.

ಹೋದ ವರ್ಷ ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿಯ ನರ್ಸರಿಯೊಂದರಲ್ಲಿ ಇದೇ ದೊಡ್ಡೆಲೆಯ ಬೇಸಿಲ್ ಕಂಡಿತು. ಕಪ್ಪು ಚೀಲದಲ್ಲಿ ಒಂದೇ ದಂಟು, ಗಟ್ಟಿ ಗಿಡ. ಅವ್ವನಿಗೆ ಅಂತ ತಂದೆ. ನಿಮ್ಮಲ್ಲೂ ಯಾರಾದರೂ ತಂದರೆ ಅಲ್ಲಿನ ಕಷ್ಟ ಇಲ್ಲಿಯದಕ್ಕೆ ಉಲ್ಟಾ ಅಂತ ನೆನಪಿಡಿ. ಬೆಳಕಿಗೆ ಬರವಿಲ್ಲ, ಏಪ್ರಿಲ್ ಮಧ್ಯಾಹ್ನದ ಬಿಸಿಲೇ ಹೆಚ್ಚು. ಅವ್ವ ಅದನ್ನು ನುಗ್ಗೆ ಮರದ ಅರೆನೆರಳಲ್ಲಿ ಹಚ್ಚಿದಳು, ಬೆಳಗಿನ ಬಿಸಿಲು ಮಾತ್ರ ಬೀಳುವಂತೆ. ಬೇಸಿಗೆ ದಾಟಿತು.

ಮೊಗ್ಗು ಬಂದಾಗ ಫೋನಿನಲ್ಲಿ ತೋರಿಸಿದಳು. ಚಿವುಟು ಅಂದೆ. "ಚಿವುಟೂದಿಲ್ಲ. ನನಗ ಬೀಜ ಬೇಕು" ಅಂದಳು. ಹೂ ಒಣಗಿದ ಮೇಲೆ ಕೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಸಣ್ಣ ಕಪ್ಪು ಬೀಜ ಡಬ್ಬಿಗೆ ತುಂಬಿದಳು. ಅಣ್ಣನ ಕೈಲಿ ಪಾರ್ಸೆಲ್ ಮಾಡಿಸುತ್ತೇನೆ ಅಂತ ಹೊರಟಿದ್ದಳು. ಹೊರದೇಶದಿಂದ ಬಿತ್ತುವ ಬೀಜ ತರಿಸಬೇಕಾದರೆ ಇಲ್ಲಿ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಸುಮ್ನೆ ಅಂಚೆಗೆ ಹಾಕುವಂತಿಲ್ಲ ಅಂತ ಹೇಳಿದೆ. ರೋಗ, ಹುಳ ಒಂದು ನೆಲದಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಆ ನಿಯಮ ಅಂದಾಗ ಅವ್ವನಿಗೆ ತಕ್ಷಣ ಅರ್ಥವಾಯಿತು. ಮೆಣಸಿನ ಗಿಡಕ್ಕೆ ಮುರುಟು ರೋಗ ಬಂದ ವರ್ಷಗಳನ್ನು ಕಂಡವಳು ಅವಳು.

ಡಬ್ಬಿಯ ಮುಚ್ಚಳ ಹಾಕುತ್ತ ಅಂದಳು: "ಕಳಸಾಕ ಬರೂದಿಲ್ಲಂದ್ರ ಇರಲಿ ಬಿಡು. ಮಳೀಗಾಲಕ್ಕ ನೀನ ಬಾ. ಇಲ್ಲೇ ಮಡಿ ಮಾಡೂಣು, ಇಬ್ಬರೂ ಕೂಡಿ ಅಗಿ ಹಚ್ಚೂಣು."

ಜುಲೈ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ.