ಗಾರ್ಲಾಕ್ ರಸ್ತೆಯಲ್ಲಿ ಅಮ್ಮ

ಲಾಸ್ ಏಂಜಲೀಸ್‌ನಿಂದ ಡೆತ್ ವ್ಯಾಲಿಗೆ ಹೊರಟವರು ಯಾರೂ ಸುಮ್ನೆ ಗಾರ್ಲಾಕ್ ರಸ್ತೆಗೆ ತಿರುಗುವುದಿಲ್ಲ. ನಾನು ಹೈವೇ 14 ಬಿಟ್ಟು ತಿರುಗಿಸಿದೆ. ಊರಿಂದ ಬಂದಿದ್ದ ಅಮ್ಮ ಹಿಂದಿನ ಸೀಟಲ್ಲಿದ್ದರು. "ಇಲ್ಲೇನಿದೆ ಅಂತ ಬಂದೆಯೋ?"

ನೋಡುವುದಕ್ಕೆ ಜಾಸ್ತಿ ಏನೂ ಇಲ್ಲ. 1890ರ ದಶಕದಲ್ಲಿ ಚಿನ್ನದ ಅದಿರು ಪುಡಿ ಮಾಡುತ್ತಿದ್ದ ಗಾರ್ಲಾಕ್ ಈಗ ಪಾಳು ಊರು. ಎಡಕ್ಕೆ ಎಲ್ ಪಾಸೋ ಬೆಟ್ಟ, ಬಲಕ್ಕೆ ಬತ್ತಿದ ಕೋಹ್ನ್ ಕೆರೆ. ಬೆಟ್ಟದ ಬುಡದಲ್ಲಿ ಉದ್ದಕ್ಕೂ ಒಂದು ದಿಬ್ಬ. "ಕೆರೆ ಏರಿ ತರ ಇದೆಯಲ್ಲ" ಅಂದರು ಅಮ್ಮ. ಅದನ್ನು ಕಟ್ಟಿದ್ದು ಗಾರ್ಲಾಕ್ ಸ್ತರಭಂಗ. ಸುಮಾರು 250 ಕಿ.ಮೀ. ಉದ್ದದ ಬಿರುಕು.

ಇದನ್ನು ನಾನು ಬಹಳ ದಿನ ಕ್ಯಾಲಿಫೋರ್ನಿಯಾದ ಹೆಸರಾಂತ ದೊಡ್ಡ ಬಿರುಕು ಸ್ಯಾನ್ ಆಂಡ್ರಿಯಾಸ್‌ನ ತಮ್ಮ ಅಂದುಕೊಂಡಿದ್ದೆ. ಆದರೆ ಅದರಲ್ಲಿ ಎದುರಿನ ನೆಲ ಬಲಕ್ಕೆ ಜರುಗುತ್ತದೆ, ಇದರಲ್ಲಿ ಎಡಕ್ಕೆ. ಯಾಕೆ? ಅಮ್ಮನಿಗೆ ನಮ್ಮನೆ ಪುಸ್ತಕದ ಕಪಾಟನ್ನೇ ನೆನಪಿಸಿದೆ. ಒಂದೇ ಹಲಗೆ ಮೇಲೆ ಹಿಂದೊಂದು ಸಾಲು, ಮುಂದೊಂದು ಸಾಲು. ಹಿಂದಿನ ಸಾಲಿನ ತುದಿಗೆ ಆನಿಸಿದ್ದ ದಪ್ಪ ನಿಘಂಟು ತೆಗೆದರೆ ಆ ಸಾಲು ಪೂರ್ತಿ ವಾಲಿ, ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಮುಂದಿನದು ನೆಟ್ಟಗೇ ಇರುತ್ತದೆ. ಬಿರುಕಿನ ಉತ್ತರಕ್ಕೆ ನೆಲ ಹೀಗೇ ಪೂರ್ವ–ಪಶ್ಚಿಮವಾಗಿ ಹಿಗ್ಗಿತು. ವಾಲಿದ ತುಂಡುಗಳ ಎತ್ತರದ ಅಂಚು ಬೆಟ್ಟ, ಸಂದು ಕಣಿವೆ. ದಕ್ಷಿಣದ ಮೊಹಾವಿ ಮರುಭೂಮಿ ಅಷ್ಟು ಹಿಗ್ಗಲಿಲ್ಲ. ಎರಡು ಸಾಲು ಒಂದಕ್ಕೊಂದು ಉಜ್ಜುವ ಜಾಗ ಗಾರ್ಲಾಕ್.

ನನಗೆ ಮಜಾ ಅನ್ನಿಸಿದ್ದು ಮುಂದಿನದು. ಸಾಲಿನ ಮೊದಲ ಪುಸ್ತಕ ಕದಲುವುದೇ ಇಲ್ಲ, ಕೊನೆಯದು ತುಂಬಾ ದೂರ ಹೋಗಿರುತ್ತದೆ. ಹಾಗಾಗಿ ಇಂಥ ಅಡ್ಡ ಬಿರುಕು ಎಲ್ಲ ಕಡೆ ಒಂದೇ ಸಮ ಜರುಗಬೇಕಿಲ್ಲ. ಗಾರ್ಲಾಕ್‌ನ ಪೂರ್ವದ ತುದಿಯಲ್ಲಿ ಜರುಗಾಟ ಸೊನ್ನೆ, ಪಶ್ಚಿಮಕ್ಕೆ ಹೋದಂತೆ ಜಾಸ್ತಿ ಎಂದು 1973ರಲ್ಲಿ ಭೂವಿಜ್ಞಾನಿಗಳಾದ ಡೇವಿಸ್ ಮತ್ತು ಬರ್ಚ್‌ಫೀಲ್ ವಾದಿಸಿದರು. ಅದಕ್ಕೂ ಮೊದಲೇ, 1962ರಲ್ಲಿ, ಜಾರ್ಜ್ ಸ್ಮಿತ್ ಅಳತೆಗೊಂದು ಗುರುತು ಹಿಡಿದಿದ್ದರು. ಹಳೇ ಬಂಡೆಯನ್ನು ಸೀಳಿ ಮೇಲೆ ಬಂದ ಶಿಲಾರಸದ ಕಪ್ಪು ಪಟ್ಟೆಗಳು ಉತ್ತರದಲ್ಲಿ ಸ್ಪ್ಯಾಂಗ್ಲರ್ ಗುಡ್ಡದಲ್ಲಿವೆ. ಅವುಗಳ ಜೋಡಿ ದಕ್ಷಿಣದಲ್ಲಿ ಗ್ರಾನೈಟ್ ಎಂಬ ಹೆಸರಿನ ಬೆಟ್ಟದಲ್ಲಿದೆ. ನಡುವೆ ಸುಮಾರು 64 ಕಿ.ಮೀ.!

ಹಿಗ್ಗುವುದೊಂದೇ ಕಾರಣ ಅಂತಲೂ ಅಲ್ಲ. ಈ ಸೀಮೆಯಲ್ಲಿ ಬೇರೆ ಎಳೆದಾಟಗಳೂ ಇವೆ. 2019ರ ಜುಲೈನಲ್ಲಿ ಪಕ್ಕದ ರಿಡ್ಜ್‌ಕ್ರೆಸ್ಟ್‌ನಲ್ಲಿ 7.1ರ ಭೂಕಂಪ ಆದಾಗ ಗಾರ್ಲಾಕ್ ಕೂಡ ಸದ್ದಿಲ್ಲದೆ ಸ್ವಲ್ಪ ಜರುಗಿತು. ಇದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಕಾರಿಂದ ಇಳಿಯುತ್ತಲೇ ಇರಲಿಲ್ಲ.

ಸಂಜೆ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಲುಪಿದೆವು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಕಾಲ ಕೆಳಗೆಲ್ಲ ಉಪ್ಪು. ಪಶ್ಚಿಮಕ್ಕೆ 3,366 ಮೀಟರಿನ ಟೆಲಿಸ್ಕೋಪ್ ಶಿಖರದ ಮೇಲೆ ಹಿಮ. ಅಮ್ಮ ಚಕ್ಕುಲಿ ಡಬ್ಬಿ ತೆರೆದು, ಮೇಲೆ ನೋಡಿ ಕೇಳಿದರು:

"ಅದು ವಾಲಿದ ಪುಸ್ತಕ. ನಾವು ಸಂದಿಯಲ್ಲಿದ್ದೀವಿ. ಅಲ್ವಾ?"