ಕಬ್ಬಿನೊಳಗೆ ಸಕ್ಕರೆ ಎಲ್ಲೈತೆ ಸಾ?

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 2000 ಪಟ್ಟು ಅಂತ ಬರೆದಿತ್ತು. ಹಳೇ ವಿದ್ಯಾರ್ಥಿಗಳು ಸೇರಿ ನಮ್ಮ ಹೈಸ್ಕೂಲಿಗೆ ಕೊಡಿಸಿದ ಡಿಜಿಟಲ್ ಮೈಕ್ರೋಸ್ಕೋಪು. ಮಂಡ್ಯದ ಮಗ್ಗುಲಿನ ಹಳ್ಳಿ ನಮ್ಮದು. ಶಾಲೆಯ ಹಿಂದೆ ವಿಶ್ವೇಶ್ವರಯ್ಯ ನಾಲೆ, ಎತ್ತ ನೋಡಿದರೂ ಕಬ್ಬಿನ ಗದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣೂ ಆ 2000ದ ಮೇಲೆಯೇ. ವಿಜ್ಞಾನದ ಮೇಷ್ಟ್ರಾದ ನನಗೆ ಮಾತ್ರ ಅದನ್ನು ಓದಿ ಕಿರಿಕಿರಿ ಆಯ್ತು.

ದೊಡ್ಡದು ಮಾಡೋದೇನೂ ಕಷ್ಟವಲ್ಲ. ಚಿತ್ರವನ್ನು ಗೋಡೆ ಮೇಲೆ ಬಿಟ್ಟರೆ ಇನ್ನೂ ದೊಡ್ಡದಾಗುತ್ತೆ. ಆದರೆ ಬೆಳಕಿಗೇ ಒಂದು ಮಿತಿ ಇದೆ. ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಅದನ್ನು ತೋರಿಸಿಕೊಟ್ಟರು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸುಮಾರು 0.2 ಮೈಕ್ರಾನ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆ, ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಒಂದೇ ಚುಕ್ಕೆಯಾಗಿ ಕಾಣುತ್ತವೆ. ನಮ್ಮ 40ರ ಲೆನ್ಸಿನ ಮೈಮೇಲೆ 0.65 ಅಂತ ಸಣ್ಣಗೆ ಕೊರೆದಿದೆ. ಲೆನ್ಸು ಎಷ್ಟು ಅಗಲದಿಂದ ಬೆಳಕು ಹಿಡಿಯುತ್ತೆ ಅನ್ನೋದರ ಅಳತೆ, ನೋಡಬೇಕಾದ ಸಂಖ್ಯೆ ಅದು. ಅದರ ಸಾವಿರ ಪಟ್ಟು, ಅಂದರೆ 650ರ ತನಕ ಹಿಗ್ಗಿಸಿದರೆ ಲಾಭ ಇದೆ. ಆಮೇಲೆ ಹಿಗ್ಗೋದು ಬರೀ ಮಬ್ಬು.

ಜೋಡಿಸೋದು ಸುಲಭ. ಕಣ್ಣಿಟ್ಟು ನೋಡುವ ಲೆನ್ಸ್ ತೆಗೆದು ಅಲ್ಲಿ ಕ್ಯಾಮೆರಾ ಇಳಿಸಿ, ಯುಎಸ್‌ಬಿ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮುಗೀತು. ಲ್ಯಾಪ್‌ಟಾಪು ಅದನ್ನು ವೆಬ್‌ಕ್ಯಾಮ್ ಅಂದುಕೊಂಡು ತಕ್ಷಣ ತೆರೆದುಕೊಂಡಿತು. ತಲೆನೋವು ಶುರುವಾಗೋದು ಅಲ್ಲಿಂದ. ಕಣ್ಣಿಗೆ ಅಗಲವಾದ ದುಂಡು ಜಾಗ ಕಾಣುತ್ತೆ, ಕ್ಯಾಮೆರಾಗೆ ಅದರ ನಡುವಿನ ಒಂದು ಚೌಕ ಮಾತ್ರ. ಹಾಗಾಗಿ ಮೊದಲು ಕಣ್ಣಲ್ಲಿ ಹುಡುಕಿ, ಬೇಕಾದ್ದನ್ನು ನಡುವಿಗೆ ತಂದು, ಆಮೇಲೆ ಕ್ಯಾಮೆರಾ ಹಾಕೋದು ವಾಸಿ.

ಇನ್ನು ಆಟೋ ಎಕ್ಸ್‌ಪೋಶರ್. ಮಕ್ಕಳಿಗೆ ಹೇಳಿಕೊಡುವಾಗ ಇದರಷ್ಟು ಕಾಟ ಕೊಡೋದು ಇನ್ನೊಂದಿಲ್ಲ. ನಾವು ಬೆಳಕು ತಗ್ಗಿಸಿದಷ್ಟೂ ಅದು ತಾನೇ ಏರಿಸಿಕೊಳ್ಳುತ್ತೆ, ಏನು ಬದಲಾಯ್ತು ಅಂತ ಗೊತ್ತೇ ಆಗಲ್ಲ. ಕತ್ತಲಾದರೆ ಚಿತ್ರವೂ ತಡವಾಗಿ ಬರುತ್ತೆ. ತಿರುಪು ತಿರುಗಿಸಿದ ಎಷ್ಟೋ ಹೊತ್ತಿಗೆ ಪರದೆ ಅಲುಗುತ್ತೆ, ಅಷ್ಟರಲ್ಲಿ ಫೋಕಸ್ ದಾಟಿ ಹೋಗಿರುತ್ತೆ. ಅದನ್ನು ಆಫ್ ಮಾಡಿದೆ. ಸ್ಲೈಡಿನ ಖಾಲಿ ಜಾಗಕ್ಕೆ ಹೋಗಿ ವೈಟ್ ಬ್ಯಾಲೆನ್ಸ್ ಒತ್ತಿದೆ, ನೀಲಿಗಟ್ಟಿದ್ದ ಪರದೆ ಬೆಳ್ಳಗಾಯ್ತು.

ಮೊದಲು ನಾಲೆ ನೀರು. ಒಂದು ಹನಿ, ಮೇಲೊಂದು ಕವರ್ ಸ್ಲಿಪ್. ಪರದೆ ತುಂಬ ಬರೀ ಬಿಳುಪು. ಹುಡುಗರ ಕೈ ಬಲ್ಬಿನ ತಿರುಪಿಗೇ ಹೋಗುತ್ತೆ, ಇನ್ನೂ ಬೆಳಕು ಬೇಕು ಅಂತ. ನಾನು ಸ್ಲೈಡ್ ಇಡುವ ತಟ್ಟಿನ ಕೆಳಗಿರುವ ಡಯಾಫ್ರಮ್ಮನ್ನು, ಅಂದರೆ ಬೆಳಕು ಬರುವ ಕಿಂಡಿಯನ್ನು, ಹಿಡಿ ತಿರುಗಿಸಿ ಮೆಲ್ಲಗೆ ಮುಚ್ಚುತ್ತಾ ಬಂದೆ. ಏನೂ ಇಲ್ಲದ ಜಾಗದಲ್ಲಿ ಚಪ್ಪಲಿ ಅಟ್ಟೆಯಂಥ ಆಕಾರವೊಂದು ಅಂಚು ಸಮೇತ ಎದ್ದು ಬಂತು. ಪ್ಯಾರಮೀಸಿಯಂ ಅನ್ನೋ ಒಂದೇ ಕೋಶದ ಜೀವಿ! ಸುತ್ತ ಕೂದಲು ಬಡಿಯುತ್ತಾ, ಪಾಚಿ ಎಳೆಗೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಬೇರೆ ದಿಕ್ಕಿಗೆ ನುಗ್ಗಿತು. ಮೈ ಗಾಜಿನ ಹಾಗೆ ಪಾರದರ್ಶಕ ಅಲ್ವಾ, ಬೆಳಕು ಜಾಸ್ತಿ ಆದರೆ ಕರಗಿಯೇ ಹೋಗುತ್ತೆ. ಹಾಗಂತ ಪೂರ್ತಿ ಮುಚ್ಚಿದರೂ ಕೆಲಸ ಕೆಟ್ಟಿತು, ಎಲ್ಲದರ ಸುತ್ತ ಕಪ್ಪು ಬಳೆ ಬಂದು ಒಳಗಿನ ವಿವರ ಹೋಗುತ್ತೆ. ಕ್ಯಾಮೆರಾ ತೆಗೆದು ಕೊಳವೆಯೊಳಗೆ ಇಣುಕಿದರೆ ಬೆಳಕಿನ ವೃತ್ತ ಕಾಣುತ್ತೆ. ಅದರ ಮುಕ್ಕಾಲು ಭಾಗ ತುಂಬಿರಬೇಕು, ಅಷ್ಟೇ.

ಆಮೇಲೆ ಕಬ್ಬು. ಎಳೇ ಗಿಣ್ಣಿನ ಕೆಳಗಿಂದ ಹೊಸ ಬ್ಲೇಡಿನಲ್ಲಿ ಬಿಲ್ಲೆ ಹೆರೆದು ನೀರಿನ ತಟ್ಟೆಗೆ ಬಿಟ್ಟೆ. ಕಂಡೂ ಕಾಣದ ಹಾಗೆ ತೇಲುವ ತೆಳು ಚೂರೇ ಬೇಕು. ಒಂದು ಹನಿ ಸ್ಯಾಫ್ರನಿನ್ ಅನ್ನೋ ಕೆಂಪು ಬಣ್ಣ, ತೊಳೆದು ಸ್ಲೈಡಿಗೆ. 10ರ ಲೆನ್ಸಿನಲ್ಲಿ ತಿಳಿ ಬಣ್ಣದ ಕೋಶಗಳ ನಡುವೆ ಅಲ್ಲಲ್ಲಿ ಚದುರಿದ ಕೆಂಪು ಮುಖಗಳು. ಇಡೀ ಕ್ಲಾಸು "ಕೋತಿ!" ಅಂತ ಕೂಗಿತು. ಕಣ್ಣಿನ ಜಾಗದ ಎರಡು ದೊಡ್ಡ ತೂತು ನೀರು ಹತ್ತುವ ಕೊಳವೆಗಳು, ಕೆಳಗಿನ ಬಾಯಿ ಮೊದಲ ಕೊಳವೆ ಹರಿದು ಉಳಿದ ಟೊಳ್ಳು. ಸಿಪ್ಪೆ ಕಡೆಗಿರುವ ಹಣೆಯ ಭಾಗ ಎಲೆಯಿಂದ ಸಕ್ಕರೆ ಇಳಿಯುವ ದಾರಿ.

"ಸಕ್ಕರೆ ಎಲ್ಲೈತೆ ಸಾ?" ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

ಸುತ್ತ ಇರುವ ದೊಡ್ಡ ಕೋಶಗಳ ರಸದಲ್ಲಿ ಕರಗಿದೆ, ಕಾಣಲ್ಲ ಅಂದೆ.

"ಎಲ್ಡು ಸಾವ್ರ ಪಟ್ಟಲ್ಲೂ ಕಾಣಾಕಿಲ್ವಾ?"

ಕಾಣಲ್ಲ. ಸಕ್ಕರೆಯ ಒಂದು ಅಣು ಹೆಚ್ಚುಕಡಿಮೆ ಒಂದು ನ್ಯಾನೋಮೀಟರ್, ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು. ಅಬ್ಬೆ ಎಳೆದ ಗೆರೆಗಿಂತ ಸುಮಾರು 200 ಪಟ್ಟು ಸಣ್ಣದು. ಡಬ್ಬದ ಮೇಲೆ ಎಷ್ಟು ಸೊನ್ನೆ ಬರೆದರೂ ಅಷ್ಟೇ. ಹುಡುಗನ ಮುಖ ಬಾಡಿತು. ದಿನಾ ಅಗಿಯೋ ಕಬ್ಬಲ್ವಾ, ಸಿಹಿಯೇ ಕಾಣದಿದ್ದರೆ ಯಾವ ಸೀಮೆ ಯಂತ್ರ ಅದು!

ಕರಗಿದ್ದು ಕಾಣದಿದ್ದರೆ ಹರಳನ್ನಾದರೂ ನೋಡೋಣ ಅಂತ ಬೀರು ತೆಗೆದೆ. ಕೆಟ್ಟ ಕ್ಯಾಲ್ಕುಲೇಟರುಗಳ ಪರದೆಯಿಂದ ಕಿತ್ತಿಟ್ಟ ಪೋಲರಾಯ್ಡ್ ಹಾಳೆಯ ಎರಡು ಚೂರು ಅಲ್ಲಿತ್ತು. ಒಂದು ಬಲ್ಬಿನ ಮೇಲೆ, ಇನ್ನೊಂದು ಕ್ಯಾಮೆರಾ ಕೆಳಗೆ. ಒಂದನ್ನು ತಿರುಗಿಸುತ್ತಾ ಹೋದರೆ ಪರದೆ ಕಪ್ಪಾಗುವ ಜಾಗ ಬರುತ್ತೆ, ಅಲ್ಲಿಗೆ ನಿಲ್ಲಿಸಿದೆ. ಬಿಸಿಯೂಟದ ಅಡುಗೆಮನೆಯಿಂದ ತಂದ ಸಕ್ಕರೆಯನ್ನು ಚಮಚದ ಹಿಂಬದಿಯಲ್ಲಿ ಪುಡಿ ಮಾಡಿ ಉದುರಿಸಿದೆ. ಕಪ್ಪಿನ ಮೇಲೆ ಹಳದಿ, ನೀಲಿ, ಕೆಂಪು! ಚೂರಿನ ದಪ್ಪ ಬದಲಾದಂತೆ ಬಣ್ಣವೂ ಬೇರೆ. ಬಲ್ಬಿನ ಕಡೆಯ ಹಾಳೆ ಬೆಳಕನ್ನು ಒಂದೇ ದಿಕ್ಕಿನಲ್ಲಿ ಆಡುವಂತೆ ಸೋಸುತ್ತೆ. ಸಕ್ಕರೆ ಹರಳು ಆ ಬೆಳಕನ್ನು ಎರಡಾಗಿ ಸೀಳಿ ಬೇರೆ ಬೇರೆ ವೇಗದಲ್ಲಿ ಬಿಡುತ್ತೆ, ಹಾಗಾಗಿ ಸ್ವಲ್ಪ ಬೆಳಕು ಮೇಲಿನ ಹಾಳೆಯನ್ನೂ ದಾಟುತ್ತೆ.

ಒಬ್ಬಳು ಓಡಿ ಹೋಗಿ ಉಪ್ಪು ತಂದಳು. ಹಾಕಿದರೆ ಪರದೆ ಕಪ್ಪಗೇ ಉಳಿಯಿತು. ಉಪ್ಪಿನ ಹರಳು ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ, ಬೆಳಕನ್ನು ಸೀಳಲ್ಲ ಅಂತ ವಿವರಿಸಿದೆ. "ಹಂಗಾದ್ರೆ ಬೆಲ್ಲ?" ಅಂದ ಆ ಹಿಂದಿನ ಬೆಂಚಿನವನು. ತಗೊಂಡು ಬಾ ನೋಡೋಣ ಅಂದೆ. ಯಾರ ಆಲೆಮನೆ ಬೆಲ್ಲ ತರಬೇಕು ಅಂತ ಅಲ್ಲೇ ಜಗಳ ಹತ್ತಿತು.